ಅಪ್ಪ ಮೋಟಾರು ಉಜ್ಜಿದ ಮಾಗಿ

ಹುಣಸೂರಿನ ಬಸ್ ನಿಲ್ದಾಣ ಇನ್ನೂ ಸ್ವಲ್ಪ ದೂರವಿರುವಾಗಲೇ ನಮ್ಮ ಬಸ್ಸು ಕೆಟ್ಟು ನಿಂತಿತು. ಪಿರಿಯಾಪಟ್ಟಣದಲ್ಲಿರುವ ಮೊಮ್ಮಗಳ ಮನೆಗೆ ಹೊರಟಿದ್ದೆ. ಇನ್ನೊಂದು ಬಸ್ಸು ಬರುವ ತನಕ ನೆರಳಲ್ಲಿ ಕೂತಿರಿ ಅಜ್ಜಿ ಎಂದು ಕಂಡಕ್ಟರು ಹೇಳಿದ. ಅಲ್ಲೇ ಒಂದು ಗ್ಯಾರೇಜಿನ ಮುಂದೆ ಕಲ್ಲು ಚಪ್ಪಡಿ ಇತ್ತು, ಕೂತೆ. ಬೆನ್ನ ಹಿಂದೆ ಯಾರೋ ಕಾರಿನ ಬಾಗಿಲನ್ನು ಬಟ್ಟೆಯಿಂದ ಉಜ್ಜುತ್ತಿದ್ದ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಆಮೇಲೆ ವಾಸನೆ ಬಂತು, ಸೀಮೆಎಣ್ಣೆಯಲ್ಲಿ ನುಣ್ಣನೆ ಮಣ್ಣು ಕಲಸಿದ ಹಾಗೆ. ನಾನು ಎದ್ದು ರಸ್ತೆ ದಾಟಿ ಬಿಸಿಲಲ್ಲಿ ಹೋಗಿ ನಿಂತೆ. ಕಂಡಕ್ಟರು ನನಗೆ ತಲೆ ಸುತ್ತು ಬಂತೆಂದುಕೊಂಡು ನೀರು ತಂದುಕೊಟ್ಟ. ಅವನಿಗೆ ಏನಂತ ಹೇಳಲಿ?

ಕಟಿಂಗ್ ಕಾಂಪೌಂಡ್ ಅನ್ನುವ ಆ ಮುಲಾಮಿನಂಥ ವಸ್ತು ನಮ್ಮ ಮನೆಗೆ ಬಂದದ್ದು ಇದೇ ಹುಣಸೂರಿನಲ್ಲಿ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು. ಆಗ ನನಗೆ ಹದಿನೆಂಟು ತುಂಬಿತ್ತು. ಅಪ್ಪ ಮರಿಬಸಪ್ಪ ನಾಟಾ ವ್ಯಾಪಾರ ಮಾಡುತ್ತಿದ್ದರು. ಕಾಕನಕೋಟೆಯ ಕಡೆಯಿಂದ ಸ್ವಂತ ಗಾಡಿಯಲ್ಲಿ ಮರ ಹೊಡೆದುಕೊಂಡು ಬರುತ್ತಿದ್ದವರು ಬೆಳೆದು ಕಂಟ್ರಾಕ್ಟರಾಗಿದ್ದರು. ನಾನು ಒಬ್ಬಳೇ ಮಗಳು. ಅದಕ್ಕೆ ಎರಡು ವರ್ಷ ಹಿಂದೆ ಪಿರಿಯಾಪಟ್ಟಣದ ಒಂದು ಗಂಡಿಗೆ ನನ್ನನ್ನು ಗೊತ್ತು ಮಾಡಿದ್ದರು. ಲಗ್ನಕ್ಕೆ ಮುಂಚೆ ಆ ಹುಡುಗ ಕಾಡಿನ ಜ್ವರ ಹಿಡಿದು ತೀರಿಕೊಂಡ. ನಾನು ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ನನ್ನ ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಮದುವೆ ಮನೆಗಳಲ್ಲಿ ಅರಿಶಿನ ಕುಟ್ಟುವುದಕ್ಕೆ ನನ್ನನ್ನು ಕರೆಯುವುದು ನಿಂತುಹೋಯಿತು. ಅವ್ವ ಅದನ್ನು ಗಮನಿಸಿದ್ದಳು. ಅಪ್ಪನೂ ಗಮನಿಸಿದ್ದರೆಂದು ನನಗೆ ತಿಳಿದದ್ದು ತಡವಾಗಿ.

ಹಾಗಿರುವಾಗ ಮೈಸೂರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದ ಒಂದು ಮನೆತನ ಎಲ್ಲ ಗೊತ್ತಿದ್ದೂ ನನ್ನನ್ನು ಒಪ್ಪಿಕೊಂಡಿತು. ಮಾಗಿ ಕಳೆದ ಮೇಲೆ ಮೈಸೂರಿನಲ್ಲೇ ಮದುವೆ ಎಂದಾಯಿತು. ಅಪ್ಪನಿಗೆ ಆದ ಸಮಾಧಾನ ಎಷ್ಟೆಂದರೆ ಅವರು ಹಿಡಿತ ತಪ್ಪಿದವರ ಹಾಗಾದರು. ಕೊಡಗಿನ ಒಬ್ಬ ಕಾಫಿ ತೋಟದವರಿಂದ ಹಳೆಯ ಮೋಟಾರು ಕೊಂಡುಬಿಟ್ಟರು.

"ಬಸ್ಸಿಂದ ಇಳ್ಕಂಡು ಗಂಟು ಒತ್ಕಂಡು ಬೀಗರ ಮನೆ ಬಾಗ್ಲಿಗೆ ಓಗೋದು ಬ್ಯಾಡ," ಎಂದು ಅವ್ವನಿಗೆ ಹೇಳಿದರು. "ನನ್ ಮಗಳು ಮೋಟಾರಲ್ಲಿ ಇಳೀಬೇಕು. ನೋಡೋರು ನೋಡ್ಲಿ."

ಮಳೆಗಾಲದಲ್ಲೇ ಅದನ್ನು ಮೈಸೂರಿಗೆ ಕಳಿಸಿ ಕಪ್ಪು ಬಣ್ಣ ಹೊಡೆಸಿದರು. ಪಂಪಿನಿಂದ ಊದುವ ಹೊಸ ತರದ ಬಣ್ಣ. ಗಾಳಿಯ ಥಂಡಿ ಬಣ್ಣದೊಳಕ್ಕೆ ಸೇರಿಕೊಂಡಿತೋ ಏನೋ, ಒಣಗಿದ ಮೇಲೆ ಮೈಯೆಲ್ಲ ಮಂಕಾಯಿತು. ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಕವಿಯುತ್ತದಲ್ಲ, ಹಾಗೆ. ಹತ್ತಿರ ಹೋಗಿ ನೋಡಿದರೆ ಸಣ್ಣ ಸಣ್ಣ ಗುಳಿಗಳೂ ಇದ್ದವು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು ಒಳಗೆ ಹೋದರು.

ಆಗ ಬಂದವರು ಖಾದರ್ ಸಾಬರು. ಊರಿನ ಜಟಕಾಗಳಿಗೆಲ್ಲ ಬಣ್ಣ, ವಾರ್ನಿಷ್ ಹಚ್ಚುತ್ತಿದ್ದವರು. ಮೈಸೂರಿನ ಮೋಟಾರು ಕಾರ್ಖಾನೆಯೊಂದರಲ್ಲೂ ಕೆಲವು ಕಾಲ ದುಡಿದಿದ್ದರು. ಮಂಕಾದದ್ದು ಬಣ್ಣದ ಮೇಲಿನ ಪದರ ಮಾತ್ರ, ಅದನ್ನು ಕಾಂಪೌಂಡಿನಿಂದ ಉಜ್ಜಿ ತೆಗೆದರೆ ಕೆಳಗೆ ಒಳ್ಳೆಯ ಕಪ್ಪು ಇದೆ ಎಂದರು. ಮಸಾಲೆ ಅನ್ನುತ್ತಿದ್ದರು ಅದನ್ನು. ಡಬ್ಬಿಯ ಮುಚ್ಚಳ ತೆಗೆದ ದಿನ ಆ ವಾಸನೆ ನಮ್ಮ ಅಡಿಗೆಮನೆಯವರೆಗೂ ಬಂದು ಕೂತಿತು.

ಮೋಟಾರು ನಿಂತಿದ್ದದ್ದು ಹಿತ್ತಲಿನ ಹಂಚಿನ ಕೊಟ್ಟಿಗೆಯಲ್ಲಿ. ಮೊದಲು ಅದು ಎತ್ತಿನ ಕೊಟ್ಟಿಗೆ. ಮೇಲಿನ ಅಟ್ಟದಲ್ಲಿ ರಾಗಿ ಮೂಟೆಗಳಿದ್ದವು. ದೂಳು ಬರಬಾರದೆಂದು ಸಾಬರು ಕಿಂಡಿಗಳಿಗೆಲ್ಲ ಗೋಣಿತಾಟು ಕಟ್ಟಿಸಿದರು, ನೆಲಕ್ಕೆ ನೀರು ಚಿಮುಕಿಸಿದರು. ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ ಹಿಂಡಿ, ಅದಕ್ಕೆ ವೀಳ್ಯದೆಲೆಗೆ ಸವರುವ ಸುಣ್ಣದಷ್ಟು ಮಸಾಲೆ ಹಚ್ಚಿಕೊಂಡು, ಅಂಗೈಯಗಲದ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದರು. ಬಟ್ಟೆ ಕಪ್ಪಾಗುತ್ತಿತ್ತು. ಒರೆಸಿ, ಲಾಟೀನು ಓರೆಯಾಗಿ ಹಿಡಿದು ನೋಡಿ, ಮತ್ತೆ ಉಜ್ಜುವರು. ಕಾಫಿ ಕೊಡಲು ಹೋದಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಎಲ್ಲೀಗಂಟ ಉಜ್ಜಬೇಕು ಸಾಬ್ರೇ?" ಎಂದು ಒಮ್ಮೆ ಕೇಳಿದೆ.

"ಮಂಕು ಹೋಗೋಗಂಟ ಕಣವ್ವ. ಬಣ್ಣ ಹೋಗೋಕೆ ಮುಂಚೆ ನಿಲ್ಲಿಸ್ಬೇಕು." ಬಾನೆಟ್ಟಿನ ನಡುವೆ ಉದ್ದಕ್ಕೂ ಉಬ್ಬಿದ್ದ ಏಣಿನ ಮೇಲೆ ಬೆರಳಾಡಿಸಿದರು. "ಇಂಥ ಕಡೆ ಬಣ್ಣ ತೆಳ್ಳಗಿರ್ತದೆ. ಅವಸರ ಮಾಡಿದ್ರೆ ಕಿತ್ಕೊಂಡೇ ಹೋಯ್ತದೆ."

ಒಂದು ಮಡ್‌ಗಾರ್ಡು ಮುಗಿದಾಗ ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಅದರಲ್ಲಿ ಅವರ ಮುಖ ಕಾಣುತ್ತಿತ್ತು. ಅವರು ನಕ್ಕದ್ದನ್ನು ನಾನು ಅದರೊಳಗೇ ನೋಡಿದೆ.

ಕಾರ್ತಿಕ ಮುಗಿದು ಚಳಿ ಬಲಿಯಿತು. ಲಕ್ಷ್ಮಣತೀರ್ಥ ಹೊಳೆಯ ಮೇಲಿನ ಮಂಜು ಹೊತ್ತೇರಿದರೂ ಕರಗುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಪೇಟೆ ಬೀದಿಯ ರಾಗಿ ಮಂಡಿಯಲ್ಲಿ ಇಲಿ ಬಿತ್ತು ಎಂಬ ಸುದ್ದಿ ಬಂತು. ಇಲಿ ಬಿತ್ತು ಎಂದರೆ ಆ ಕಾಲದವರಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಮೊದಲು ಇಲಿ, ಆಮೇಲೆ ಮನುಷ್ಯರು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ ಕಟ್ಟಿಕೊಂಡು, ಜ್ವರದಲ್ಲಿ ತೊದಲುತ್ತ ಹೋಗಿಬಿಡುತ್ತಿದ್ದರು. ಡಂಗುರ ಸಾರಿದರು: ಇಲಿ ಸತ್ತ ಮನೆಯವರು ಹೆಲ್ತ್ ಇನ್ಸ್‌ಪೆಕ್ಟರಿಗೆ ತಿಳಿಸತಕ್ಕದ್ದು, ಎಲ್ಲರೂ ಸೂಜಿ ಹಾಕಿಸಿಕೊಳ್ಳತಕ್ಕದ್ದು, ಊರು ಬಿಟ್ಟು ಬಯಲಿಗೆ ಹೋಗತಕ್ಕದ್ದು. ಇಲಿ ಬಿದ್ದ ಮನೆಯ ಹಂಚು ಇಳಿಸಿ ಒಳಗೆ ಬಿಸಿಲು ಬೀಳುವಂತೆ ಮಾಡುತ್ತಿದ್ದರು. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬರೆಯುತ್ತಿದ್ದರು.

ಗಾಡಿಗಳು ಹೊಳೆಯಾಚೆಯ ಹೊಲಗಳಿಗೆ ಹೊರಟವು. ನಮ್ಮ ಮನೆ ಊರಂಚಿನಲ್ಲಿದ್ದದ್ದರಿಂದ ಅಪ್ಪ ಅವಸರಪಡಲಿಲ್ಲ. ಮೈಸೂರಿನ ಬೀಗರು ಆಳೊಬ್ಬನ ಮೂಲಕ ಹೇಳಿಕಳಿಸಿದ್ದರು: ಊರಲ್ಲಿ ಪ್ಲೇಗಿದ್ದರೆ ಚಿಂತೆಯಿಲ್ಲ, ಅದು ನಮಗೂ ಹೊಸದಲ್ಲ, ನಿಮ್ಮ ಮನೆಯಲ್ಲಿ ಏನೂ ಆಗದಿದ್ದರೆ ಲಗ್ನ ನಡೆಯಲಿ. ಅವ್ವನೂ ನಾನೂ ಸೂಜಿ ಹಾಕಿಸಿಕೊಂಡು ತೋಳು ಊದಿಸಿಕೊಂಡು ಮಲಗಿದೆವು. ಅಪ್ಪ ಹಾಕಿಸಿಕೊಳ್ಳಲಿಲ್ಲ. ಮೋಟಾರು ಓಡಿಸಲು ಗೊತ್ತು ಮಾಡಿದ್ದವನು ಹೆದರಿ ತನ್ನ ಊರಿಗೆ ಹೋಗಿದ್ದ. ನಾಟಾ ಅಡ್ಡೆಯ ಆಳುಗಳೂ ಇರಲಿಲ್ಲ. "ತೋಳು ಊದ್ಕಂಡ್ರೆ ಕೆಲ್ಸ ನೋಡೋರ್ಯಾರು? ಆಮೇಲೆ ನೋಡೋಣ ಬುಡು," ಎಂದರು.

ಖಾದರ್ ಸಾಬರು ಮಾತ್ರ ದಿನವೂ ಬರುತ್ತಿದ್ದರು. ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಸಾಬರು ಕೊಟ್ಟಿಗೆಯಿಂದ ಇಕ್ಕಳದಲ್ಲಿ ಒಂದು ಇಲಿ ಹಿಡಿದುಕೊಂಡು ಬಂದು ನೆಲದ ಮೇಲಿಟ್ಟರು. ಅಪ್ಪ ಬಂದು ನೋಡಿದರು. ನಾನು ಬಚ್ಚಲ ಗೋಡೆಯ ಮರೆಯಲ್ಲಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ.

"ಬೆಕ್ಕು ಹಿಡಿದಿರ್ಬೇಕು," ಎಂದರು ಅಪ್ಪ.

"ನಿಮ್ಮನೇಲಿ ಬೆಕ್ಕಿಲ್ಲ ಸಾವ್ಕಾರ್ರೇ. ಮೈಮೇಲೆ ಗಾಯಾನೂ ಇಲ್ಲ." ಸಾಬರ ದನಿ ತಗ್ಗಿತ್ತು. "ಇನ್ಸ್‌ಪೆಕ್ಟರಿಗೆ ಹೇಳಿಕಳ್ಸಿ. ಹಂಚು ಇಳಿಸ್ಲಿ. ಮೋಟಾರನ್ನ ಆಚೆಗೆ ತಳ್ಳಿ ತಾಟು ಮುಚ್ಚಿದ್ರೆ ಅದಕ್ಕೇನೂ ಆಗಲ್ಲ."

"ಮೋಟಾರನ್ನ ಆಚೀಕೆ ತಳ್ಬೋದು. ಬಾಗ್ಲ ಮ್ಯಾಲೆ ಬರೆಯೋ ಗುರ್ತನ್ನ ಏನ್ ಮಾಡ್ಲಿ? ನಾಳೀಕೆ ಮೈಸೂರಿಗೆ ಗೊತ್ತಾಯ್ತದೆ. ಒಂದು ಸಲ ಮುರ್ದೋಗದೆ ಸಾಬ್ರೇ. ಇನ್ನೊಂದು ಸಲ ಆದ್ರೆ ನನ್ ಮಗಳ ಮೊಕ ಯಾರೂ ನೋಡಾಕಿಲ್ಲ." ಇಲಿಯ ಕಡೆ ಕೈ ತೋರಿಸಿ, "ಒಂದೇ ಇಲಿ. ಸುಟ್ಟಾಕಿ ಸುಮ್ಕಿದ್ಬುಡಿ," ಎಂದರು.

ಸಾಬರು ಇಕ್ಕಳ ಕೆಳಗಿಟ್ಟರು. "ನಾನು ಚಿಕ್ಕೋನಿದ್ದಾಗ ನಮ್ಮಪ್ಪಾನೂ ಹಿಂಗೇ ಮುಚ್ಚಿಟ್ರು. ಆ ಮನೇಲಿ ಉಳ್ಕೊಂಡೋನು ನಾನೊಬ್ನೇ. ಈ ಶೆಡ್ಡಲ್ಲಿ ಇನ್ನು ಕೆಲ್ಸ ಮಾಡಲ್ಲ ಸಾವ್ಕಾರ್ರೇ, ತಪ್ಪು ತಿಳ್ಕೋಬೇಡಿ. ನಾನು ಯಾರಿಗೂ ಹೇಳಲ್ಲ. ನೀವೇ ಹೇಳಿ, ಇವತ್ತೇ ಹೇಳಿ."

ಕೈ ತೊಳೆದುಕೊಂಡು ಹೊರಟುಹೋದರು. ಡಬ್ಬಿಗಳನ್ನೂ ಬಟ್ಟೆಗಳನ್ನೂ ಅಲ್ಲೇ ಬಿಟ್ಟರು.

ಅಪ್ಪ ಅದೇ ಸಂಜೆ ಅವ್ವನನ್ನೂ ನನ್ನನ್ನೂ ಹೊಳೆಯಾಚೆಗೆ ಸಾಗಿಸಿದರು. ನಮ್ಮ ಹೊಲದ ಅಂಚಿನಲ್ಲಿ ಬಿದಿರ ತಟ್ಟಿ ಕಟ್ಟಿ ಸೋಗೆ ಹೊದಿಸಿದ ಗುಡಿಸಲು. ನಾಟಾ ಕಾಯಬೇಕೆಂದು ಹೇಳಿ ತಾವು ಊರಲ್ಲೇ ಉಳಿದರು. ನಾನು ಕೇಳಿದ್ದನ್ನು ಅವ್ವನಿಗೆ ಹೇಳಿದೆ. ಅವ್ವ ಊದಿದ ತೋಳನ್ನು ಹಿಡಿದುಕೊಂಡು ಕೂತಳು. "ನಿಮ್ಮಪ್ಪ ಯಾರ ಮಾತ ಕೇಳವ್ರೆ? ಒಂದ್ ಇಲಿ ಅಂದ್ರಲ್ಲ, ಒಂದೇ ಆಗಿರ್ಲಿ ಅಂತ ಬೇಡ್ಕೋ," ಎಂದಳು. ಆ ಲಗ್ನ ನಿಲ್ಲಬಾರದೆಂದು ಅವಳಿಗೂ ಇತ್ತು. ನನಗೂ ಇತ್ತು, ಇಲ್ಲವೆನ್ನಲಾರೆ.

ಮಧ್ಯಾಹ್ನ ಬುತ್ತಿ ತೆಗೆದುಕೊಂಡು ನಾನೇ ಊರೊಳಗೆ ಹೋಗುತ್ತಿದ್ದೆ. ಆ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಅದು ನಮ್ಮೂರೆಂದು ಅನ್ನಿಸುತ್ತಿರಲಿಲ್ಲ. ಹಂಚಿಲ್ಲದ ಮನೆಗಳ ಒಳಗೆ ಬಿಸಿಲು ಚೆಲ್ಲಿತ್ತು. ಬೀದಿಯಲ್ಲಿ ನಿಂತರೆ ಒಳಗಿನ ದೇವರ ಗೂಡು, ಒರಳುಕಲ್ಲು, ಬಾಣಂತಿಯ ಕೋಣೆ ಎಲ್ಲ ಕಾಣುತ್ತಿದ್ದವು. ಮುಚ್ಚಿಡುವುದಕ್ಕೆ ಯಾರಿಗೂ ಏನೂ ಉಳಿದಿರಲಿಲ್ಲ. ಕೆಂಪು ಗುರುತುಗಳು ಪೇಟೆ ಬೀದಿಯಿಂದ ಶುರುವಾಗಿ, ಪ್ರತಿಸಲ ನಾನು ಹೋದಾಗಲೂ ನಮ್ಮ ಮನೆಗೆ ಹತ್ತಿರವಾಗುತ್ತಿದ್ದವು. ನಮ್ಮ ಬಾಗಿಲು ಮಾತ್ರ ಸ್ವಚ್ಛವಾಗಿತ್ತು. ಅದನ್ನು ನೋಡಿದರೇ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು.

"ಅಲ್ಲೇ ಗೋಡೆ ಮ್ಯಾಲೆ ಮಡಗು ಮಗ. ಒಳೀಕೆ ಬರ್ಬೇಡ," ಎಂದು ಅಪ್ಪ ಹಿತ್ತಲಿಂದಲೇ ಕೂಗುತ್ತಿದ್ದರು. ಅವರ ಬೆರಳುಗಳು ಕಪ್ಪಾಗಿದ್ದವು. ಮೈಯೆಲ್ಲ ಆ ವಾಸನೆ. ಸಾಬರು ಬಿಟ್ಟುಹೋದ ಕೆಲಸವನ್ನು ಅವರೇ ಮಾಡುತ್ತಿದ್ದಾರೆಂದು ನನಗೆ ತಿಳಿಯಿತು. ಸಾಕು ಬನ್ನಿ ಅಪ್ಪಾಜಿ ಎಂದರೆ, ಇನ್ನು ಸ್ವಲ್ಪ ಅದೆ ಎನ್ನುತ್ತಿದ್ದರು.

ಒಂದು ದಿನ ಎಷ್ಟು ಕೂಗಿದರೂ ಉತ್ತರ ಬರಲಿಲ್ಲ. ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು, ಬಿರುಸಾಗಿ. ನಾನು ಬುತ್ತಿ ಇಟ್ಟು ಹಿತ್ತಲಿಗೆ ಹೋಗಿ ಕೊಟ್ಟಿಗೆಯ ಬಾಗಿಲಿಗೆ ಇಳಿಬಿಟ್ಟಿದ್ದ ಗೋಣಿತಾಟು ಸರಿಸಿದೆ.

ಮೋಟಾರು ಹೊಳೆಯುತ್ತಿತ್ತು. ಅಷ್ಟು ಕಪ್ಪಾದ, ಅಷ್ಟು ಆಳವಾದ ಹೊಳಪನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅದರ ಬಾಗಿಲಲ್ಲಿ ನನ್ನ ಸೀರೆಯ ಅಂಚು, ಹಿಂದಿನ ಬಾವಿಕಟ್ಟೆ, ಆಕಾಶದ ಚೂರು ಎಲ್ಲ ತಿದ್ದಿದ ಹಾಗೆ ಕಂಡವು. ಅಪ್ಪ ಬರಿಮೈಯಲ್ಲಿ, ಮೂಗಿಗೆ ವಲ್ಲಿ ಕಟ್ಟಿಕೊಂಡು ಬಾನೆಟ್ಟಿನ ಮೇಲೆ ಬಗ್ಗಿದ್ದರು. ಅವರ ಕೈಕೆಳಗೆ ಏಣಿನ ಉದ್ದಕ್ಕೂ ಬಣ್ಣ ಕಿತ್ತುಹೋಗಿ, ಚರ್ಮ ಸುಲಿದ ಹಾಗೆ ತಳದ ಕೆಂಪು ಬಣ್ಣ ಹೊರಬಂದಿತ್ತು. ಅದು ಅವರಿಗೆ ಕಾಣುತ್ತಿತ್ತೋ ಇಲ್ಲವೋ, ಅಲ್ಲೇ ಮತ್ತೆ ಮತ್ತೆ ಉಜ್ಜುತ್ತಿದ್ದರು. ಮೂಲೆಯಲ್ಲಿ ಸೀಮೆಎಣ್ಣೆ ಡಬ್ಬ. ಅದರ ತುಂಬ ಇಲಿಗಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಬಾನೆಟ್ಟಿನ ಹೊಳಪಿನೊಳಗೆ ಏನೋ ಅಲುಗಿತು. ಅಟ್ಟದ ತೊಲೆಯ ಮೇಲೆ ಒಂದು ಇಲಿ ಹಾಡುಹಗಲಲ್ಲಿ ಕುಡಿದವರ ಹಾಗೆ ತೂರಾಡುತ್ತ ಬರುತ್ತಿತ್ತು. ನಮ್ಮಿಬ್ಬರ ಭಯ ಅದಕ್ಕಿರಲಿಲ್ಲ. ತೊಲೆಯ ತುದಿಗೆ ಬಂದು ಜಾರಿ ಧೊಪ್ಪೆಂದು ಬಾನೆಟ್ಟಿನ ಮೇಲೆ ಬಿತ್ತು, ಅಪ್ಪನ ಕೈಯ ಪಕ್ಕಕ್ಕೆ. ಎರಡು ಸಲ ಕಾಲು ಒದರಿ ಸುಮ್ಮನಾಯಿತು.

ಅಪ್ಪ ಬೆಚ್ಚಲಿಲ್ಲ. ಬಟ್ಟೆಯಲ್ಲಿ ಅದನ್ನು ಹಿಡಿದು ಡಬ್ಬಕ್ಕೆ ಹಾಕಿದರು. ಅದು ಬಿದ್ದ ಜಾಗವನ್ನು ಒರೆಸಿದರು. ಇನ್ನೊಂದು ಬಟ್ಟೆ ತೆಗೆದುಕೊಂಡು ಮತ್ತೆ ಉಜ್ಜತೊಡಗಿದರು.

"ಅಪ್ಪಾಜಿ," ಎಂದೆ.

ತಲೆ ಎತ್ತಿದರು. "ಬಂದ್ಯಾ? ಒಳೀಕೆ ಬರ್ಬೇಡ ಅಂದಿದ್ದೆ. ಇನ್ನೊಂದ್ ಬಾಗ್ಲು ಉಳ್ಕಂಡದೆ ಕಣ್ ಮಗ. ಅಷ್ಟೆಯ."

ನಾನು ಅಲ್ಲಿಂದ ನೇರ ಹೊಳೆದಂಡೆಯ ತೋಪಿಗೆ ಹೋದೆ. ಹೆಲ್ತ್ ಇನ್ಸ್‌ಪೆಕ್ಟರ ಡೇರೆ ಅಲ್ಲಿತ್ತು. ದಾರಿಯಲ್ಲಿ ನನ್ನ ಮದುವೆಯ ಬಗ್ಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದನ್ನೇ ಯೋಚಿಸುತ್ತ ನಡೆದೆ. ಆದರೆ ಕಾಲು ನಿಲ್ಲಲಿಲ್ಲ.

"ಇಲಿ ಬಿದ್ದಾವೆ ಸಾರ್, ತುಂಬ," ಎಂದೆ.

"ಯಾರ ಮನೆಯಮ್ಮ?"

"ನಮ್ಮನೆ. ನಾಟಾ ಮರಿಬಸಪ್ಪನೋರ ಮನೆ."

ಅವರು ನನ್ನನ್ನೇ ನೋಡಿದರು. ಊರಿನವರಿಗೆಲ್ಲ ಗೊತ್ತಿದ್ದ ಹಾಗೆ ಅವರಿಗೂ ಗೊತ್ತಿತ್ತು. "ನಿಮ್ಮ ಲಗ್ನ ಗೊತ್ತಾಗಿದೆ ಅಲ್ಲವೆ?"

"ಊಂ. ಬೇಗ ಬನ್ನಿ. ನಮ್ಮಪ್ಪಾಜಿ ಒಳಗವ್ರೆ."

ಆಳುಗಳು ಏಣಿ ಹಾಕಿ ಹಂಚು ಇಳಿಸಿದರು. ಅಟ್ಟದ ಮೇಲೆ ವರ್ಷಗಳಿಂದ ಕೂತಿದ್ದ ದೂಳು, ಜೇಡರಬಲೆ, ರಾಗಿ ಹೊಟ್ಟು ಎಲ್ಲ ಸುರಿದು ಮೋಟಾರಿನ ಮೇಲೆ ಬೆರಳು ದಪ್ಪಕ್ಕೆ ಕೂತಿತು. ಅಪ್ಪ ತಡೆಯಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಕಪ್ಪಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಒಬ್ಬನು ಬಂದು ಬೀದಿ ಬಾಗಿಲ ಮೇಲೆ ಗುರುತು ಬರೆದ. ನಾನು ಹತ್ತಿರ ಹೋದಾಗ ಅಪ್ಪ ನನ್ನ ಕಡೆ ತಿರುಗದೆ, "ನಿನ್ ಮದ್ವೇನ ನೀನೇ ಮುರ್ಕಂಡೆ ಕಣವ್ವ," ಎಂದರು. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಾಗಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗುಡಿಸಲಿಗೆ ಬಂದ ಮೇಲೂ ಅವರು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಜ್ವರ ಬಂತು. ಅವ್ವ ಕಂಕುಳು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡಳು. ಸರ್ಕಾರದ ಡಾಕ್ಟರು ಬಂದು, ಇಲಿಯ ಮೈಯ ಚಿಗಟ ಎಂದೋ ಕಚ್ಚಿಯಾಗಿದೆ ಎಂದರು. ಅಪ್ಪನನ್ನು ಬೇರೆ ಗುಡಿಸಲಿಗೆ ಹಾಕಿದರು. ಸುದ್ದಿ ತಿಳಿದು ಖಾದರ್ ಸಾಬರು ಬಂದರು. ಸೂಜಿ ಹಾಕಿಸಿಕೊಂಡಿದ್ದೇನೆ ಬಿಡಿ ಎಂದು ಹೇಳಿ ಒಳಗೆ ಹೋಗಿ ಕೂತರು, ನೀರು ಕುಡಿಸಿದರು. ಬಟ್ಟೆ ಒದ್ದೆ ಮಾಡಿ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. ಕಪ್ಪು ಪೂರ್ತಿ ಹೋಗಲಿಲ್ಲ.

ನಾನು ಬಾಗಿಲಲ್ಲಿ ನಿಂತಿದ್ದಾಗ ಅಪ್ಪ ಒಂದು ಸಲ ಕಣ್ಣು ಬಿಟ್ಟು ಗುರುತು ಹಿಡಿದರು.

"ಮಂಗ್ಳಿ, ನೀನು ಸೂಜಿ ಆಕಿಸ್ಕಂಡಿದ್ದಲ್ವಾ?"

"ಊಂ ಅಪ್ಪಾಜಿ."

"ಸದ್ಯ," ಎಂದರು. ಆಮೇಲೆ ಅವರು ಆಡಿದ್ದು ಯಾವುದೂ ನಮಗೆ ಅರ್ಥವಾಗಲಿಲ್ಲ.

ಅವರನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಜನ ಸೇರಬಾರದೆಂದು ಕಟ್ಟಪ್ಪಣೆಯಾಗಿತ್ತು. ಮಠದ ಅಯ್ಯನವರು ದೂರದಲ್ಲೇ ನಿಂತು ಮಾಡಬೇಕಾದ್ದನ್ನು ಮಾಡಿದರು. ಗುಣಿ ತೋಡಿದವರಲ್ಲಿ ಸಾಬರೂ ಇದ್ದರು.

ಬೀಗರ ಕಡೆಯಿಂದ ಆಮೇಲೆ ಯಾರೂ ಬರಲಿಲ್ಲ. ಬೇಸಿಗೆಯಲ್ಲಿ ಊರಿಗೆ ಮರಳಿದ ಮೇಲೆ ಹೆಗ್ಗಡದೇವನಕೋಟೆಯ ಒಬ್ಬ ಕಂಟ್ರಾಕ್ಟರಿಗೆ ಅವ್ವ ಮೋಟಾರನ್ನು ಇದ್ದ ಹಾಗೇ ಕೊಟ್ಟುಬಿಟ್ಟಳು. ಮುಂದೆ ಕೆಲವು ವರ್ಷದ ಮೇಲೆ ಎಡತೊರೆಯ ಕಡೆಯ ಒಬ್ಬ ಸ್ಕೂಲು ಮೇಷ್ಟರು, ಹೆಂಡತಿ ತೀರಿಕೊಂಡಿದ್ದವರು, ನನ್ನನ್ನು ಮದುವೆಯಾದರು. ಒಳ್ಳೆಯ ಮನುಷ್ಯ. ನಾನು ಅವರ ಮನೆಗೆ ಎತ್ತಿನ ಗಾಡಿಯಲ್ಲಿ ಹೋದೆ. ಅದೆಲ್ಲ ಬೇರೆ ಮಾತು.

ಅಪ್ಪ ಹೋದ ಮೇಲಿನ ದಿನಗಳೇ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸೂಜಿ ಹಾಕಿಸಿಕೊಂಡವರೆಲ್ಲ ಉಳಿಯುತ್ತಾರೆಂದು ಯಾರೂ ಹೇಳುತ್ತಿರಲಿಲ್ಲ. ನಾನು ಆ ಕೊಟ್ಟಿಗೆಯೊಳಗೆ ನಿಂತು ಬಂದವಳು. ಗುಡಿಸಲಲ್ಲಿ ನಾನೂ ಅವ್ವನೂ ಇಬ್ಬರೇ. ಸುತ್ತ ಮಂಜು, ಆಗಾಗ ಪಕ್ಕದ ಗುಡಿಸಲುಗಳಿಂದ ಏಳುತ್ತಿದ್ದ ಅಳು. ಬೆಳಗಾಗುತ್ತಲೇ ಅವ್ವ ನನ್ನನ್ನು ಎಬ್ಬಿಸಿ ಮೊದಲು ಹಣೆ ಮುಟ್ಟುವಳು. ಆಮೇಲೆ ಎರಡು ಕಂಕುಳಲ್ಲೂ ಬೆರಳಿಟ್ಟು ಒತ್ತಿ ನೋಡುವಳು. ಆ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ಅವು ಒಂದು ಕಡೆ ನಿಧಾನವಾದರೆ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. "ಏನೂ ಇಲ್ಲ," ಎಂದು ಅವಳು ಎದ್ದುಹೋದ ಮೇಲೆ ಅಂದಿನ ದಿನ ಶುರು. ಅಪ್ಪನಿಗಾಗಿ ಇಬ್ಬರೂ ಅಳಲಿಲ್ಲ. ಅವರ ಹೆಸರು ಕೂಡ ಎತ್ತಲಿಲ್ಲ.

ಹೀಗೆ ಎಷ್ಟು ಬೆಳಗು ಕಳೆದವೋ. ಒಂದು ದಿನ ನಾನು ಎಚ್ಚರಾಗಿ ಮಲಗಿದ್ದಲ್ಲೇ ಕಾದೆ. ಅವ್ವ ಎದ್ದಳು, ಕೂದಲು ಗಂಟು ಹಾಕಿಕೊಂಡಳು, ನನ್ನ ಕಡೆ ಒಮ್ಮೆ ನೋಡಿದಳು. ಕೈ ಚಾಚಲಿಲ್ಲ. ಹೊರಗೆ ಹೋಗಿ ಪುಳ್ಳೆ ಮುರಿದು ಒಲೆ ಹಚ್ಚತೊಡಗಿದಳು.

ಆಗ ನಾನು ಅತ್ತೆ.